ಸಿಗ್ನಲ್ ಪ್ರೊಸೆಸಿಂಗ್ ವೃತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಅಂದರೆ ಎಂಜಿನಿಯರುಗಳ ಮಾತಿನಲ್ಲಿ ‘ಡಿಎಸ್‌ಪಿ’, ಕ್ಷೇತ್ರದ ಉದ್ಯೋಗಗಳ ಬಗ್ಗೆ ಪ್ರಶ್ನೆಗಳನ್ನು ಕಳಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಎಂಟನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಉತ್ತರ ಬರೆದವರು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೂವತ್ತು ವರ್ಷ ಧ್ವನಿ ಮತ್ತು ವೈದ್ಯಕೀಯ ಉಪಕರಣಗಳ ಸಿಗ್ನಲ್ ಪ್ರೊಸೆಸಿಂಗ್ ವಿಭಾಗಗಳಲ್ಲಿ ಕೆಲಸ ಮಾಡಿದವರು.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಡಿಎಸ್‌ಪಿ ಎಂಜಿನಿಯರ್ ಆಗಿದ್ದಾಳೆ. ಊರಿನಲ್ಲಿ ಕೇಳಿದವರಿಗೆ ‘ಕಂಪ್ಯೂಟರ್ ಕೆಲಸ’ ಎನ್ನುತ್ತೇನೆ. ಅವಳು ‘ಹಾಗಲ್ಲ ಅಪ್ಪಾ’ ಎನ್ನುತ್ತಾಳೆ. ಈ ಎಂಜಿನಿಯರುಗಳು ದಿನವಿಡೀ ಮಾಡುವ ಕೆಲಸವಾದರೂ ಏನು?
— ನಿವೃತ್ತ ಗಣಿತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಗಳು ಹೇಳುವುದು ಸರಿ. ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡಿದರೂ ಅವರ ಕೈಗೆ ಬರುವ ಸರಕು ಹೊರಗಿನ ಜಗತ್ತಿನದು: ಒಬ್ಬರ ಮಾತು, ಒಂದು ಹೃದಯದ ಬಡಿತ, ರೇಡಾರಿಗೆ ಮರಳಿ ಬಂದ ಒಂದು ಅಲೆ. ಇವೆಲ್ಲ ಏರಿಳಿಯುವ ವೋಲ್ಟೇಜಾಗಿ ತಂತಿಯಲ್ಲಿ ಬರುತ್ತವೆ. ಅದನ್ನು ಸೆಕೆಂಡಿಗೆ ಇಂತಿಷ್ಟು ಬಾರಿ ಅಳೆದು ಅಂಕಿಗಳ ಸಾಲಾಗಿ ಮಾಡಿಕೊಂಡು, ಆ ಸಾಲಿನಿಂದ ಬೇಕಾದದ್ದನ್ನು ಉಳಿಸಿ ಬೇಡದ್ದನ್ನು ತೆಗೆಯುವ ಲೆಕ್ಕವೇ ಡಿಎಸ್‌ಪಿ.

ನೀವು ಗಣಿತ ಕಲಿಸಿದವರಾದ್ದರಿಂದ ಒಂದು ಉದಾಹರಣೆಯನ್ನು ಅಂಕಿಗಳ ಸಮೇತ ಕೊಡುತ್ತೇನೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವಾಗ ಎದೆಯ ಮೇಲೆ ಅಂಟಿಸಿದ ಎಲೆಕ್ಟ್ರೋಡುಗಳಿಗೆ ಸಿಗುವ ವೋಲ್ಟೇಜು ಒಂದು ಮಿಲಿವೋಲ್ಟಿನ ಆಸುಪಾಸಿನದು. ಗೋಡೆಯೊಳಗಿನ ವಿದ್ಯುತ್ ತಂತಿಗಳಿಂದ ರೋಗಿಯ ಮೈಗೆ ತಾಗಿ ಬರುವ 50 ಹರ್ಟ್ಜ್ ಗದ್ದಲ ಅದಕ್ಕಿಂತಲೂ ದೊಡ್ಡದಾಗಿರಬಹುದು. ಸೆಕೆಂಡಿಗೆ 500 ಬಾರಿ ಅಳೆದರೆ 50 ಹರ್ಟ್ಜ್ ಅಲೆಯ ಒಂದು ಸುತ್ತಿಗೆ ಸರಿಯಾಗಿ ಹತ್ತು ಅಳತೆಗಳು, ಅಂದರೆ ಅಳತೆಯಿಂದ ಅಳತೆಗೆ 36 ಡಿಗ್ರಿ ಅಂತರ. ಈಗ ಯಾವುದಾದರೂ ಮೂರು ಒತ್ತೊತ್ತಿನ ಅಳತೆಗಳನ್ನು ತೆಗೆದುಕೊಂಡು, ಮೊದಲನೆಯದನ್ನೂ ಮೂರನೆಯದನ್ನೂ ಕೂಡಿ, ನಡುವಿನದರ 1.618 ಪಟ್ಟನ್ನು ಕಳೆಯಿರಿ. ಸೈನ್ ಕೋಷ್ಟಕದಲ್ಲಿ ಸೊನ್ನೆ ಡಿಗ್ರಿಗೆ 0, 36ಕ್ಕೆ 0.588, 72ಕ್ಕೆ 0.951 ಎಂದಿರುತ್ತದೆ, 0.588ನ್ನು 1.618ರಿಂದ ಗುಣಿಸಿದರೆ 0.951, ಉಳಿಯುವುದು ಸೊನ್ನೆ. ಕೋನ ಎಲ್ಲಿಂದ ಶುರುವಾದರೂ ಇದೇ ಉತ್ತರ ಬರುತ್ತದೆ. ಗದ್ದಲ ಎಷ್ಟೇ ದೊಡ್ಡದಿರಲಿ, ಒಂದು ಗುಣಾಕಾರ, ಒಂದು ಸಂಕಲನ ಮತ್ತು ಒಂದು ವ್ಯವಕಲನದಲ್ಲಿ ಅಳಿಸಿಹೋಗುತ್ತದೆ.

ಕೆಲಸ ಕಷ್ಟವಾಗುವುದು ಇದರ ನಂತರ. ಈ ಸರಳ ಲೆಕ್ಕ 50 ಹರ್ಟ್ಜ್ ಜೊತೆಗೆ ಅಕ್ಕಪಕ್ಕದ ಆವರ್ತನಗಳನ್ನೂ ತಗ್ಗಿಸುತ್ತದೆ, ಅಲ್ಲಿಯೂ ಹೃದಯದ ಸಿಗ್ನಲ್ ಇರುತ್ತದೆ. ಆದ್ದರಿಂದ ಹಿಂದಿನ ಉತ್ತರಗಳ ಒಂದು ಪಾಲನ್ನು ಲೆಕ್ಕಕ್ಕೆ ಮತ್ತೆ ಸೇರಿಸಿ ಕತ್ತರಿಸುವ ಪಟ್ಟಿಯನ್ನು ಕಿರಿದು ಮಾಡುತ್ತೇವೆ. ಪಟ್ಟಿ ಸುಮಾರು 3 ಹರ್ಟ್ಜ್ ಅಗಲವಿದ್ದರೆ ಫಿಲ್ಟರಿನೊಳಗಿನ (ಹೀಗೆ ಬೇಡದ ಆವರ್ತನವನ್ನು ಸೋಸುವ ಲೆಕ್ಕವನ್ನು ಫಿಲ್ಟರ್ ಎನ್ನುತ್ತೇವೆ) ಕಂಪನ 100 ಮಿಲಿಸೆಕೆಂಡಿನ ಲೆಕ್ಕದಲ್ಲಿ ಅಡಗುತ್ತದೆ. ಅದನ್ನೇ ಕಾಲು ಭಾಗಕ್ಕೆ ಇಳಿಸಿದರೆ ಅಡಗುವುದಕ್ಕೆ ನಾಲ್ಕು ಪಟ್ಟು ಹೊತ್ತು ಬೇಕು. ಹೃದಯ ಬಡಿತದ ಎತ್ತರದ ಗೆರೆ ಬಂದ ಕೂಡಲೇ ಫಿಲ್ಟರ್ ಗಂಟೆಯ ಹಾಗೆ ಮಿಡಿದು, ಆ ಗೆರೆಯ ಹಿಂದೆಯೇ ಬರುವ ಎಸ್‌ಟಿ ಭಾಗದ ಮೇಲೆ ಸಣ್ಣ ಅಲೆಗಳನ್ನು ಬರೆಯುತ್ತದೆ. ವೈದ್ಯರು ಹೃದಯಾಘಾತವನ್ನು ಗುರುತಿಸುವುದು ಆ ಎಸ್‌ಟಿ ಭಾಗವನ್ನು ನೋಡಿಯೇ. ಎಷ್ಟು ಅಗಲ, ಎಷ್ಟು ಹೊತ್ತು, ಯಾವ ತಪ್ಪನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂದು ನಿಜವಾದ ರೋಗಿಗಳ ದಾಖಲೆಗಳ ಮೇಲೆ ಓಡಿಸಿ ತೀರ್ಮಾನಿಸುವುದರಲ್ಲೇ ನಿಮ್ಮ ಮಗಳಂಥವರ ದಿನ ಕಳೆಯುತ್ತದೆ.

ಪ್ರಶ್ನೆ: ನಾನು ಇ ಅಂಡ್ ಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್) ಮೂರನೆಯ ವರ್ಷದಲ್ಲಿದ್ದೇನೆ. ಡಿಎಸ್‌ಪಿ ಏನಿದ್ದರೂ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಓದಿದವರಿಗೆ ಎಂದು ಸೀನಿಯರುಗಳು ಹೇಳುತ್ತಾರೆ. ಎಲೆಕ್ಟ್ರಿಕಲ್‌ನವರಿಗೆ ಇಲ್ಲಿ ಜಾಗವಿಲ್ಲವೇ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಜಾಗವಿದೆ, ನಾನೂ ಇ ಅಂಡ್ ಇ ಓದಿಯೇ ಇಲ್ಲಿಗೆ ಬಂದವನು. ನಿಮ್ಮ ಸೀನಿಯರುಗಳು ಮೊಬೈಲ್ ಮೋಡೆಮ್ ಮತ್ತು ಆಡಿಯೋ ಕೆಲಸಗಳನ್ನಷ್ಟೇ ಕಣ್ಣ ಮುಂದೆ ಇಟ್ಟುಕೊಂಡು ಮಾತನಾಡುತ್ತಿರಬೇಕು.

ನೀವು ಓದುತ್ತಿರುವ ರಕ್ಷಣಾ ರಿಲೇ, ಅಂದರೆ ಲೈನಿನಲ್ಲಿ ದೋಷ ಕಂಡರೆ ವಿದ್ಯುತ್ ಕಡಿಯಲು ಸೂಚಿಸುವ ಉಪಕರಣದ ಪಾಠವನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಸಬ್‌ಸ್ಟೇಷನ್ನಿನ ಫಲಕದ ಮೇಲೆ ತಿರುಗುವ ತಟ್ಟೆಯ ರಿಲೇ ಇರುತ್ತಿತ್ತು. ಈಗ ಅದೇ ಜಾಗದಲ್ಲಿ ನ್ಯೂಮರಿಕಲ್ ರಿಲೇ ಕೂತಿದೆ. ಅದರೊಳಗಿರುವುದು ಅಪ್ಪಟ ಡಿಎಸ್‌ಪಿ. ಕರೆಂಟಿನ ಒಂದು ಸುತ್ತಿಗೆ 20 ಸ್ಯಾಂಪಲ್ (ಅಳತೆ) ತೆಗೆದುಕೊಂಡು, ಅವನ್ನು ಸೈನ್ ಮತ್ತು ಕೊಸೈನ್ ಅಂಕಿಗಳಿಂದ ಗುಣಿಸಿ ಕೂಡಿದರೆ 50 ಹರ್ಟ್ಜ್ ಅಂಶದ ಫೇಸರ್, ಅಂದರೆ ಅದರ ಎತ್ತರ ಮತ್ತು ಕೋನ, ಸಿಗುತ್ತದೆ, ಹಾರ್ಮಾನಿಕ್‌ಗಳು, ಅಂದರೆ 50ರ ಗುಣಕಗಳಾದ ಆವರ್ತನಗಳು, ತಾವಾಗಿಯೇ ಕಳೆದುಹೋಗುತ್ತವೆ. ಆದರೆ ಲೈನಿನಲ್ಲಿ ಫಾಲ್ಟ್ ಆದಾಗ ಇಂಡಕ್ಟನ್ಸಿನ ಕಾರಣದಿಂದ ನಿಧಾನವಾಗಿ ಇಳಿಯುವ ಒಂದು ಡಿಸಿ ಅಂಶವೂ ಕರೆಂಟಿನ ಜೊತೆ ಸೇರಿಕೊಳ್ಳುತ್ತದೆ. ಈ ಸರಳ ಫೋರಿಯರ್ ಲೆಕ್ಕಕ್ಕೆ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಗುವುದಿಲ್ಲ. ದೋಷ ಇರುವುದಕ್ಕಿಂತ ಹತ್ತಿರದಲ್ಲಿದೆ ಎಂದು ರಿಲೇ ತಪ್ಪು ತಿಳಿಯಬಹುದು. ತೀರ್ಮಾನಕ್ಕೆ ಇರುವ ಸಮಯವೂ ಒಂದೆರಡು ಸುತ್ತು, ಅಂದರೆ 20ರಿಂದ 40 ಮಿಲಿಸೆಕೆಂಡು. ಇ ಅಂಡ್ ಸಿ ಓದಿದ ಜಾಣರೂ ಇಲ್ಲಿ ತಡವರಿಸುವುದನ್ನು ಕಂಡಿದ್ದೇನೆ, ಏಕೆಂದರೆ ಆ ಡಿಸಿ ಎಲ್ಲಿಂದ ಬಂತು ಎಂಬುದು ಅವರಿಗೆ ಹೊಳೆಯುವುದಿಲ್ಲ. ನಿಮಗೆ ಹೊಳೆಯುತ್ತದೆ, ಮತ್ತು ಅದು ಸಣ್ಣ ಅನುಕೂಲವಲ್ಲ.

ಇದೇ ದಾರಿಯಲ್ಲಿ ಮುಂದೆ ಹೋದರೆ ಫೇಸರ್ ಮೆಷರ್‌ಮೆಂಟ್ ಯೂನಿಟ್ ಸಿಗುತ್ತದೆ. ಭಾರತದಲ್ಲಿ ಓದಿ ಅಮೆರಿಕಕ್ಕೆ ಹೋದ ಅರುಣ್ ಫಡ್ಕೆ ಮತ್ತು ಅವರ ಸಹೋದ್ಯೋಗಿಗಳು ಅದನ್ನು 1988ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ರೂಪಿಸಿದರು. ನೂರಾರು ಕಿಲೋಮೀಟರ್ ದೂರದ ಎರಡು ಸಬ್‌ಸ್ಟೇಷನ್ನುಗಳ ವೋಲ್ಟೇಜಿನ ಕೋನವನ್ನು ಉಪಗ್ರಹದ ಗಡಿಯಾರಕ್ಕೆ ಹೊಂದಿಸಿ ಹೋಲಿಸುವ ಉಪಕರಣ ಅದು. ಗಡಿಯಾರ ಒಂದು ಮೈಕ್ರೋಸೆಕೆಂಡು ತಪ್ಪಿದರೆ ಕೋನ 0.018 ಡಿಗ್ರಿ ತಪ್ಪುತ್ತದೆ; ಈ ಲೆಕ್ಕವನ್ನು ನೀವೇ ಒಮ್ಮೆ ಮಾಡಿ ನೋಡಿ. ಇನ್ನು ವಿದ್ಯುತ್ ವಾಹನಗಳ ಮೋಟಾರ್ ಡ್ರೈವ್ ಇದೆ. ಅಲ್ಲಿ ಕಂಟ್ರೋಲ್ ಲೂಪ್ ಸೆಕೆಂಡಿಗೆ 10,000 ಬಾರಿ ಓಡಿದರೆ ಮೂರು ಫೇಸ್‌ಗಳ ಕರೆಂಟ್ ಅಳೆದು, ರೋಟರಿನ ಜೊತೆ ತಿರುಗುವ ಅಕ್ಷಗಳಿಗೆ ಪರಿವರ್ತಿಸಿ, ಮುಂದಿನ ವೋಲ್ಟೇಜನ್ನು ನಿರ್ಧರಿಸುವುದಕ್ಕೆ ಸಿಗುವುದು 100 ಮೈಕ್ರೋಸೆಕೆಂಡು. ಬೆಂಗಳೂರಿನಲ್ಲೇ 1960ರಿಂದ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯನ್ನೂ ನಿಮ್ಮ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ನಿಮಗೆ ಕೊರತೆ ಇರುವುದು ಬಹುಶಃ ಎರಡು ಕಡೆ: ಸಿ ಭಾಷೆಯಲ್ಲಿ ಕೈ ಪಳಗಿರುವುದಿಲ್ಲ, ಸಂಭವನೀಯತೆಯನ್ನು ಎಲೆಕ್ಟ್ರಿಕಲ್‌ನವರು ಹಗುರವಾಗಿ ಓದಿರುತ್ತಾರೆ. ಈ ವರ್ಷವೇ ಅವೆರಡನ್ನೂ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ವಿಷಯದಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡಿ ಪಾಸಾದೆ, ಅರ್ಥ ಒಂದೂ ಆಗಿಲ್ಲ. ಈ ಕ್ಷೇತ್ರವನ್ನು ಬಿಟ್ಟುಬಿಡಲೇ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಬಿಡಬೇಡಿ. ಬಾಯಿಪಾಠ ಮಾಡಿದ್ದನ್ನು ಮರೆತು ಒಂದು ಗ್ರಾಫ್ ಪುಸ್ತಕ ಕೊಂಡುತನ್ನಿ. ಸೆಕೆಂಡಿಗೆ 8,000 ಸ್ಯಾಂಪಲ್ ತೆಗೆಯುವಾಗ 3,000 ಹರ್ಟ್ಜ್‌ನ ಕೊಸೈನ್ ಅಲೆ ಬಂದರೆ ಸಿಗುವ ಮೊದಲ ಎಂಟು ಅಂಕಿಗಳನ್ನು ಲೆಕ್ಕ ಹಾಕಿ ಚುಕ್ಕೆ ಇಡಿ. ಪಕ್ಕದ ಹಾಳೆಯಲ್ಲಿ 5,000 ಹರ್ಟ್ಜ್‌ಗೂ ಅದನ್ನೇ ಮಾಡಿ. ಎರಡು ಹಾಳೆಗಳ ಚುಕ್ಕೆಗಳೂ ಒಂದರ ಮೇಲೊಂದು ಕೂರುತ್ತವೆ. ಅಂಕಿಗಳನ್ನು ಮಾತ್ರ ನೋಡಿದವರಿಗೆ ಬಂದದ್ದು ಯಾವ ಅಲೆ ಎಂದು ಹೇಳುವ ದಾರಿಯೇ ಇಲ್ಲ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಸ್ಯಾಂಪಲಿಂಗ್ ಪ್ರಮೇಯ ಹೇಳುವ ಎಚ್ಚರಿಕೆ ಇಷ್ಟೇ. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಜನ್ಮದಲ್ಲಿ ಮರೆಯುವುದಿಲ್ಲ.

ಸಂಕೀರ್ಣ ಸಂಖ್ಯೆಯನ್ನು ಕಂಡು ಹೆದರುವವರು ಅದನ್ನು ಗಡಿಯಾರದ ಮುಳ್ಳು ಎಂದುಕೊಂಡು ಓದಲಿ: ಅದಕ್ಕೆ ಉದ್ದವಿದೆ, ಕೋನವಿದೆ, ಎರಡು ಮುಳ್ಳುಗಳನ್ನು ಗುಣಿಸಿದರೆ ಉದ್ದಗಳು ಗುಣಿಸಲ್ಪಡುತ್ತವೆ, ಕೋನಗಳು ಕೂಡಿಕೊಳ್ಳುತ್ತವೆ. ಫೋರಿಯರ್ ಪರಿವರ್ತನೆ ಎಂದರೆ ಸಿಗ್ನಲ್ಲಿನ ಅಂಕಿಗಳನ್ನು ಒಂದೊಂದಾಗಿ ತಿರುಗುವ ಮುಳ್ಳಿನ ಮೇಲೆ ಇಟ್ಟು ಕೂಡುವುದು. ಮುಳ್ಳಿನ ವೇಗವೂ ಸಿಗ್ನಲ್ಲಿನ ಆವರ್ತನವೂ ಒಂದೇ ಆಗಿದ್ದರೆ ಮೊತ್ತ ಬೆಳೆಯುತ್ತದೆ, ಇಲ್ಲದಿದ್ದರೆ ಒಂದನ್ನೊಂದು ಕಳೆದುಕೊಳ್ಳುತ್ತವೆ. 1,024 ಬಿಂದುಗಳಿಗೆ ಈ ಲೆಕ್ಕವನ್ನು ನೇರವಾಗಿ ಮಾಡಿದರೆ ಹತ್ತು ಲಕ್ಷಕ್ಕೂ ಹೆಚ್ಚು ಗುಣಾಕಾರ ಬೇಕು. ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದ ಎಫ್‌ಎಫ್‌ಟಿ (ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್) ಕ್ರಮದಲ್ಲಿ ಅದು 5,120ಕ್ಕೆ ಇಳಿಯುತ್ತದೆ. ಎಂಟು ಬಿಂದುಗಳ ಎಫ್‌ಎಫ್‌ಟಿಯನ್ನು ಕಾಗದದ ಮೇಲೆ ಒಮ್ಮೆ ಪೂರ್ತಿ ಬಿಡಿಸಿ ನೋಡಿ. ಒಂದು ಸಂಜೆಯ ಕೆಲಸ ಅದು. ಕನ್ನಡದಲ್ಲೇ ಯೋಚಿಸಿ ಬಿಡಿಸಿ. ಇಂಗ್ಲಿಷಿನ ಪದಗಳು ಆಮೇಲೆ ತಾವಾಗಿ ಅಂಟಿಕೊಳ್ಳುತ್ತವೆ.

ಪ್ರಶ್ನೆ: ನಿಮ್ಮ ವೃತ್ತಿಯಲ್ಲಿ ನಿಮಗೆ ಹೆಚ್ಚು ಕಲಿಸಿದ ತಪ್ಪು ಯಾವುದು?
— ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ, ಮೈಸೂರು

ಉತ್ತರ: ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ದೂರವಾಣಿ ಉಪಕರಣಕ್ಕೆ ಫಿಲ್ಟರ್ ಬರೆದಿದ್ದೆ. ಪ್ರಯೋಗಾಲಯದಲ್ಲಿ ಎಲ್ಲವೂ ಸರಿಯಿತ್ತು. ದಾಖಲಿಸಿಟ್ಟ ಹತ್ತಾರು ವಾಕ್ಯಗಳನ್ನು ಓಡಿಸಿ, ಗ್ರಾಫ್ ಮುದ್ರಿಸಿ, ಸಹಿ ಹಾಕಿ ಕೊಟ್ಟೆ. ಉಪಕರಣ ಗ್ರಾಹಕರ ಕೈಗೆ ಹೋದ ಎರಡು ವಾರಕ್ಕೆ ದೂರು ಬಂತು: ಕೆಲವು ಕರೆಗಳಲ್ಲಿ ‘ಟಪ್ ಟಪ್’ ಎಂದು ಸಿಡಿಯುವ ಸದ್ದು. ನಮ್ಮಲ್ಲಿ ಎಷ್ಟು ಪ್ರಯತ್ನಿಸಿದರೂ ಆ ಸದ್ದು ಬರಲಿಲ್ಲ. ಹನ್ನೊಂದು ದಿನ ಹುಡುಕಿದೆ. ಒಂದು ಸಂಜೆ ಸಹೋದ್ಯೋಗಿಯೊಬ್ಬರು ಐದು ವರ್ಷದ ಮಗನನ್ನು ಕರೆತಂದಿದ್ದರು. ಅವನು ಮೈಕಿಗೆ ಬಾಯಿ ಹಚ್ಚಿ ‘ಅಪ್ಪಾ’ ಎಂದು ಕಿರುಚಿದ ಕೂಡಲೇ ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆಯ ನೆತ್ತಿ ಕಡಿದು ತಳಕ್ಕೆ ಬಿದ್ದದ್ದು ಕಂಡಿತು.

16 ಬಿಟ್ಟಿನ ಅಂಕಿಯಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32,767. ಅದಕ್ಕೆ ಒಂದು ಕೂಡಿದರೆ 32,768 ಆಗುವುದಿಲ್ಲ, ಋಣ 32,768 ಆಗುತ್ತದೆ. ಮಟ್ಟ ಮೀರಿದ ಅಲೆ ಬೆಟ್ಟದ ತುದಿಯಿಂದ ನೇರವಾಗಿ ಕಣಿವೆಗೆ ಬೀಳುತ್ತದೆ, ಕಿವಿಗೆ ಅದೇ ಆ ಸಿಡಿತ. ನನ್ನ ಫಿಲ್ಟರಿನ ಒಟ್ಟು ವರ್ಧನೆ ಒಂದನ್ನು ಮೀರುತ್ತಿರಲಿಲ್ಲ, ಆದರೆ ಅದನ್ನು ಮೂರು ವಿಭಾಗಗಳಾಗಿ ಸಾಲಾಗಿ ಬರೆದಿದ್ದೆ. ಮೊದಲ ವಿಭಾಗ ಒಂದು ಆವರ್ತನದ ಸುತ್ತ ಸಿಗ್ನಲ್ಲನ್ನು ಹಿಗ್ಗಿಸಿ, ಮೂರನೆಯದು ಅದನ್ನು ಕುಗ್ಗಿಸುತ್ತಿತ್ತು. ಮೊದಲ ವಿಭಾಗದ ಉತ್ತರವನ್ನು 16 ಬಿಟ್ಟಿಗೆ ಇಳಿಸಿ ಇಡುವ ಆ ಒಂದು ಕ್ಷಣದಲ್ಲಿ ಮಟ್ಟ ಮೀರುತ್ತಿತ್ತು. ನಮ್ಮ ದಾಖಲೆಗಳಲ್ಲಿದ್ದವರೆಲ್ಲ ದೊಡ್ಡವರು, ಮೈಕಿನಿಂದ ದೂರ ಕೂತು ಸಮಾಧಾನವಾಗಿ ಓದಿದವರು. ಮಗುವಿನ ಕೀರಲು ದನಿಯ ಆವರ್ತನ ಸರಿಯಾಗಿ ಆ ಹಿಗ್ಗಿಸುವ ಜಾಗಕ್ಕೆ ಬಿತ್ತು.

ವಿಭಾಗಗಳ ಕ್ರಮವನ್ನು ಬದಲಿಸಿ, ಒಳಗೆ ಬರುವ ಸಿಗ್ನಲ್ಲನ್ನು ಒಂದು ಬಿಟ್ ಇಳಿಸಿ, ಮಟ್ಟ ಮೀರಿದರೆ ತುದಿಯಲ್ಲೇ ನಿಲ್ಲುವ ಸ್ಯಾಚುರೇಶನ್ ಸೂಚನೆಯನ್ನು ಬಳಸಿ ಸರಿಪಡಿಸಿದೆ. ಕೋಡಿನಲ್ಲಿ ಬದಲಾದದ್ದು ಐದಾರು ಸಾಲು. ಅಂದಿನಿಂದ ಯಾವ ಫಿಲ್ಟರನ್ನೂ ಅದಕ್ಕೆ ಅತಿ ಕೆಡುಕು ಮಾಡಬಲ್ಲ ಸಿಗ್ನಲ್ ಯಾವುದೆಂದು ಲೆಕ್ಕ ಹಾಕಿ, ಅದನ್ನೇ ಮೊದಲು ಓಡಿಸದೆ ಕೈಬಿಟ್ಟಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೂ ಫ್ಲೋಟಿಂಗ್ ಪಾಯಿಂಟಿನಲ್ಲಿ (ದಶಮಾಂಶ ಬಿಂದು ಸರಿದಾಡುವ, ಮಟ್ಟ ಮೀರುವ ಭಯ ಕಡಿಮೆಯಿರುವ ಅಂಕಿಗಳಲ್ಲಿ) ಸರಿಯಾದ ಫಿಲ್ಟರನ್ನು 16 ಬಿಟ್ಟಿನಲ್ಲಿ ಮತ್ತೆ ಬರೆಸಿ, ಅದನ್ನು ಕೆಡಿಸುವ ಸಿಗ್ನಲ್ಲನ್ನು ಅವರಿಂದಲೇ ಕಂಡುಹಿಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಆರು ವರ್ಷದಿಂದ ಮಾತಿನ ಗದ್ದಲ ನಿವಾರಣೆಯ ಕೆಲಸದಲ್ಲಿದ್ದೇನೆ. ಈಗ ಎಲ್ಲವನ್ನೂ ನ್ಯೂರಲ್ ನೆಟ್‌ವರ್ಕ್ ಮಾಡುತ್ತಿದೆ. ನನ್ನ ಕಲಿಕೆಗೆ ಇನ್ನು ಬೆಲೆ ಇದೆಯೇ?
— ಎಂಜಿನಿಯರ್, ಬೆಂಗಳೂರು

ಉತ್ತರ: ನಿಮ್ಮ ಕಳವಳ ನಿಜವಾದದ್ದು, ಅದನ್ನು ತೇಲಿಸಿ ಹೇಳುವುದು ಸರಿಯಲ್ಲ. ಗದ್ದಲದ ಮಟ್ಟವನ್ನು ಅಂದಾಜು ಮಾಡಿ ಕಳೆಯುವ ಹಳೆಯ ವಿಧಾನಗಳ ಗುಣಾಂಕಗಳನ್ನು ತಿದ್ದುವುದಷ್ಟೇ ಕೆಲಸವಾಗಿದ್ದವರ ಹುದ್ದೆಗಳು ಕಡಿಮೆಯಾಗಿವೆ, ಇನ್ನೂ ಆಗುತ್ತವೆ. ತರಬೇತಿ ಕೊಟ್ಟ ಮಾದರಿಗಳು ಬೀದಿಯ ಹಾರ್ನ್, ಪಾತ್ರೆ ಬಿದ್ದ ಸದ್ದು ಮುಂತಾದ ತಟ್ಟನೆ ಬರುವ ಗದ್ದಲವನ್ನು ನಮ್ಮ ಹಳೆಯ ವಿಧಾನಗಳಿಗಿಂತ ಚೆನ್ನಾಗಿ ತೆಗೆಯುತ್ತವೆ. ಒಪ್ಪಿಕೊಂಡು ಅವನ್ನು ಕಲಿಯಬೇಕು.

ಆದರೆ ಆ ಮಾದರಿಗಳು ಉಣ್ಣುವುದು ನಾವು ಬೇಯಿಸಿಕೊಟ್ಟದ್ದನ್ನೇ. ಒಮ್ಮೆ ಒಂದು ತಂಡದ ಮಾದರಿ ಕಚೇರಿಯಲ್ಲಿ ಚೆನ್ನಾಗಿ ಕೆಲಸ ಮಾಡಿ ಗ್ರಾಹಕರ ಕರೆಗಳಲ್ಲಿ ಕೈಕೊಟ್ಟಿತು. ಇನ್ನಷ್ಟು ದತ್ತಾಂಶ ತರಬೇಕೆಂದು ಮೂರು ವಾರ ಚರ್ಚೆ ನಡೆಯಿತು. ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಹೊತ್ತಿನಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಚಿತ್ರ, ತೆಗೆದು ನೋಡಿದರೆ 4,000 ಹರ್ಟ್ಜ್‌ನಿಂದ ಮೇಲೆ ಪೂರ್ತಿ ಕಪ್ಪು. ತರಬೇತಿಯ ಧ್ವನಿ ಸೆಕೆಂಡಿಗೆ 16,000 ಸ್ಯಾಂಪಲ್‌ನದು; ಗ್ರಾಹಕರ ಧ್ವನಿ ಹಳೆಯ ದೂರವಾಣಿ ಜಾಲದಲ್ಲಿ 8,000ಕ್ಕೆ ಇಳಿದು, ಮತ್ತೆ 16,000ಕ್ಕೆ ಹಿಗ್ಗಿಸಿಕೊಂಡು ಬಂದಿತ್ತು. ಅರ್ಧ ಸಿಗ್ನಲ್ಲೇ ಇಲ್ಲದ ಕಡೆ ಮಾದರಿ ಏನು ಮಾಡೀತು? ಇದನ್ನು ಕಂಡುಹಿಡಿಯಲು ಬೇಕಾದದ್ದು ಐದು ನಿಮಿಷ ಮತ್ತು ಸಿಗ್ನಲ್ ಓದಬಲ್ಲ ಒಂದು ಜೊತೆ ಕಣ್ಣು.

ಕಿವಿಯ ಶ್ರವಣ ಸಾಧನದಂಥ ಕಡೆಗಳಲ್ಲಂತೂ ಒಳಗೆ ಹೋದ ಸದ್ದು ಸುಮಾರು 10 ಮಿಲಿಸೆಕೆಂಡಿನೊಳಗೆ ಹೊರಗೆ ಬರಬೇಕು, ಇಲ್ಲದಿದ್ದರೆ ತಮ್ಮ ಮಾತೇ ಅದನ್ನು ಹಾಕಿಕೊಂಡವರಿಗೆ ಪ್ರತಿಧ್ವನಿಯಂತೆ ಕೇಳುತ್ತದೆ, ಬ್ಯಾಟರಿಯೋ ಗುಂಡಿಯಷ್ಟು. ಅಷ್ಟರೊಳಗೆ ನ್ಯೂರಲ್ ನೆಟ್‌ವರ್ಕನ್ನು ಹಿಡಿಸುವ ಕೆಲಸಕ್ಕೆ ಎರಡನ್ನೂ ಬಲ್ಲವರು ಬೇಕು. ಆರು ವರ್ಷದ ಅನುಭವದ ಮೇಲೆ ಒಂದು ವರ್ಷದ ಗಟ್ಟಿ ಅಭ್ಯಾಸ ಸೇರಿಸಿದರೆ ನೀವು ಆ ಜಾಗದಲ್ಲಿರುತ್ತೀರಿ.

ಪ್ರಶ್ನೆ: ಬಿ.ಇ. ಮುಗಿದ ಮೇಲೆ ಎಂ.ಟೆಕ್. ಮಾಡಲೇಬೇಕೇ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಲ್ಗಾರಿದಮ್ ರೂಪಿಸುವ ಹುದ್ದೆ ಬೇಕಾದರೆ ಮಾಡಿ, ಗೇಟ್ ಬರೆದು ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿ ಅಥವಾ ಸುರತ್ಕಲ್ಲಿನ ಎನ್‌ಐಟಿಕೆಗೆ ಪ್ರಯತ್ನಿಸಿ. ಬೇರೆಯವರು ರೂಪಿಸಿದ ಅಲ್ಗಾರಿದಮನ್ನು ಚಿಪ್ಪಿನ ಮೇಲೆ ಓಡಿಸುವ ಕೆಲಸಕ್ಕೆ ಬಿ.ಇ. ಸಾಕು, ಸಿ ಭಾಷೆ ಕರತಲಾಮಲಕವಾಗಿರಬೇಕು. ಐಐಟಿ ಮತ್ತು ವಿಜ್ಞಾನ ಸಂಸ್ಥೆಯ ಅಂತರ್ಜಾಲ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನ ಪಾಠಗಳು ಉಚಿತವಾಗಿ ಸಿಗುತ್ತವೆ. ಸರ್ಕಾರಿ ವಲಯದಲ್ಲಿ ಇಸ್ರೋ, ಬಿಇಎಲ್ ಮತ್ತು ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯವಾದ ಎಲ್‌ಆರ್‌ಡಿಇ ಮೂರೂ ಬೆಂಗಳೂರಿನಲ್ಲಿವೆ. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದ ರೇಡಾರ್ ಕಳಿಸುವ ಪ್ರತಿಧ್ವನಿಗಳನ್ನು ಹಾಗೆಯೇ ನೋಡಿದರೆ ಬರೀ ಗದ್ದಲದಂತೆ ಕಾಣುತ್ತವೆ. ಅವು ಭೂಮಿಯ ಚಿತ್ರವಾಗುವುದು ಸಿಗ್ನಲ್ ಪ್ರೊಸೆಸಿಂಗ್ ಆದ ನಂತರವೇ. ಅಂಥ ಕೆಲಸದಲ್ಲಿ ಮನಸ್ಸಿದ್ದರೆ ಎಂ.ಟೆಕ್. ಓದಿನ ಎರಡು ವರ್ಷ ನಷ್ಟವಲ್ಲ.

ಪ್ರಶ್ನೆ: ಈ ವಿದ್ಯೆ ಬೆಂಗಳೂರಿನಲ್ಲಿ ಇಷ್ಟು ಬೇರು ಬಿಟ್ಟದ್ದು ಹೇಗೆ?
— ಓದುಗರು, ಡೊಂಬಿವಲಿ

ಉತ್ತರ: ಬೇರು ತುಂಬಾ ಹಿಂದಿನದು. 1954ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಶುರುವಾಯಿತು. ಅದಕ್ಕೂ ಮೊದಲು ದೂರವಾಣಿ ತಯಾರಿಸುವ ಐಟಿಐ, ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗ ಇದ್ದವು. ಆ ವಿಭಾಗದಲ್ಲಿ ಓದಿ, 1957ರಿಂದ 1960ರವರೆಗೆ ಅಲ್ಲೇ ಧ್ವನಿಶಾಸ್ತ್ರ ಕಲಿಸಿದ ಬಿಷ್ಣು ಅಟಲ್ ಮುಂದೆ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು. ಮಾತಿನ ಮುಂದಿನ ಸ್ಯಾಂಪಲ್ಲನ್ನು ಹಿಂದಿನವುಗಳಿಂದ ಊಹಿಸಿ, ಊಹೆ ತಪ್ಪಿದ ಭಾಗವನ್ನಷ್ಟೇ ಕಳಿಸುವ ವಿಧಾನವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. 1985ರಲ್ಲಿ ಅವರೂ ಮ್ಯಾನ್‌ಫ್ರೆಡ್ ಶ್ರೋಡರ್ ಅವರೂ ಪ್ರಕಟಿಸಿದ, ಮಾತನ್ನು ಕಡಿಮೆ ಬಿಟ್‌ಗಳಲ್ಲಿ ಕಳಿಸುವ ಸೆಲ್ಪ್ (ಸಿಇಎಲ್‌ಪಿ) ವಿಧಾನಕ್ಕೆ ಆಗಿನ ಕ್ರೇ-1 ಸೂಪರ್ ಕಂಪ್ಯೂಟರಿನ ಮೇಲೆ ಒಂದು ಸೆಕೆಂಡಿನ ಮಾತಿಗೆ ಎರಡು ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಹತ್ತೇ ವರ್ಷಗಳ ಒಳಗೆ ಆ ಕುಟುಂಬದ ಕೋಡೆಕ್‌ಗಳು (ಮಾತನ್ನು ಕುಗ್ಗಿಸಿ ಮತ್ತೆ ಹಿಗ್ಗಿಸುವ ಪ್ರೋಗ್ರಾಮುಗಳು) ಅಂಗೈಯಗಲದ ಫೋನಿನಲ್ಲಿ ಓಡಿದವು. ಮೊದಲ ಜಿಎಸ್‌ಎಂ ಫೋನುಗಳೂ ಇದೇ ಊಹೆಯ ತತ್ವದಿಂದ 20 ಮಿಲಿಸೆಕೆಂಡಿನ ಮಾತಿನ 160 ಸ್ಯಾಂಪಲ್‌ಗಳನ್ನು, ಅಂದರೆ 2,080 ಬಿಟ್‌ಗಳನ್ನು, 260 ಬಿಟ್‌ಗಳಿಗೆ ಇಳಿಸುತ್ತಿದ್ದವು.

1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಆ ದಶಕದ ಆರಂಭದಲ್ಲಿ ಸೆಕೆಂಡಿಗೆ 50 ಲಕ್ಷ ಸೂಚನೆ ನಡೆಸುವ ಟಿಎಂಎಸ್32010 ಡಿಎಸ್‌ಪಿ ಚಿಪ್ಪನ್ನು ಹೊರತಂದ ಕಂಪನಿ ಅದು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದೂ ನಮ್ಮ ಕಿತ್ತೂರಿನಲ್ಲಿ ಎಂಬುದನ್ನು ನೆನೆದಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ. ಆ ಕಾಲದ ಚಿಪ್ಪುಗಳು ಇಂದು ಎಲ್ಲಿಯೂ ಇಲ್ಲ. ಅವುಗಳ ಮೇಲೆ ಓಡುತ್ತಿದ್ದ ಗಣಿತವನ್ನು ಮಾತ್ರ ನಾನು ನಿವೃತ್ತಿಯ ದಿನದವರೆಗೂ ಬಳಸಿದೆ.

ಪ್ರಶ್ನೆ: ಮಕ್ಕಳಿಗಾಗಿ ಎಂಟು ವರ್ಷ ಕೆಲಸ ಬಿಟ್ಟಿದ್ದೆ. ಮೊದಲು ಡಿಎಸ್‌ಪಿ ಅಸೆಂಬ್ಲಿ ಕೋಡ್ ಬರೆಯುತ್ತಿದ್ದೆ. ಮರಳಿ ಬರಬಹುದೇ, ಎಲ್ಲಿಂದ ಶುರು ಮಾಡಲಿ?
— ಓದುಗರು, ಧಾರವಾಡ

ಉತ್ತರ: ಖಂಡಿತ ಬರಬಹುದು. ನೀವು ಬಿಟ್ಟುಹೋದ ಗಣಿತ ಅಲ್ಲೇ ಇದೆ, ಬದಲಾಗಿರುವುದು ಸಲಕರಣೆ. ಅಸೆಂಬ್ಲಿಯ ಬಳಕೆ ಕಡಿಮೆಯಾಗಿ ಕಂಪೈಲರುಗಳು ಜಾಣವಾಗಿವೆ, ಆರ್ಮ್ ಕಾರ್ಟೆಕ್ಸ್-ಎಂ4ನಂಥ ಸಾಮಾನ್ಯ ಮೈಕ್ರೋಕಂಟ್ರೋಲರುಗಳಲ್ಲೇ ಡಿಎಸ್‌ಪಿ ಸೂಚನೆಗಳಿವೆ, ಪ್ರಯೋಗಗಳನ್ನು ಪೈಥಾನಿನಲ್ಲಿ ಮಾಡುತ್ತಾರೆ. ಪೈಥಾನಿಗೆ ಒಂದು ತಿಂಗಳು ಕೊಡಿ. ಅಸೆಂಬ್ಲಿ ಬರೆದ ಕೈಗೆ ಅದು ಹಗುರ.

ಪ್ರಮಾಣಪತ್ರಗಳನ್ನು ಕೂಡಿಹಾಕುವ ಬದಲು ನಿಮ್ಮ ಊರಿನದೇ ಒಂದು ಸಿಗ್ನಲ್ಲನ್ನು ಹಿಡಿದುಕೊಳ್ಳಿ. ಧಾರವಾಡದಲ್ಲಿ ತಂಬೂರಿ ಇರುವ ಮನೆಗೆ ಬರವಿಲ್ಲ. ಅದನ್ನು ಫೋನಿನಲ್ಲಿ ಒಂದು ನಿಮಿಷ ದಾಖಲಿಸಿಕೊಂಡು, ಷಡ್ಜದ ತಂತಿಯ ಆವರ್ತನವನ್ನು ಅಳೆಯುವ ಪ್ರೋಗ್ರಾಮ್ ಬರೆಯಿರಿ. ಸುಲಭವೆನಿಸುತ್ತದೆ, ಆದರೆ ತಂಬೂರಿಯ ಜವಾರಿ (ಕುದುರೆಗೆ ತಂತಿ ಸವರಿ ಏಳುವ ಝೇಂಕಾರ) ಎಬ್ಬಿಸುವ ಮೇಲ್ಸ್ವರಗಳು ಎಷ್ಟು ಬಲವಾಗಿರುತ್ತವೆ ಎಂದರೆ, ಸ್ಪೆಕ್ಟ್ರಮ್ಮಿನ ಅತಿ ಎತ್ತರದ ಗೆರೆಯನ್ನೇ ಷಡ್ಜ ಎಂದುಕೊಂಡರೆ ಮೋಸಹೋಗುತ್ತೀರಿ. ಸಿ.ವಿ. ರಾಮನ್ ಅವರು ಸುಮಾರು ನೂರು ವರ್ಷಗಳ ಹಿಂದೆಯೇ ಇದರ ಬಗ್ಗೆ ಬರೆದಿದ್ದಾರೆ. ಆಟೋಕೊರಿಲೇಶನ್, ಅಂದರೆ ಸಿಗ್ನಲ್ಲನ್ನು ಅದರದೇ ಸರಿಸಿದ ಪ್ರತಿಯೊಂದಿಗೆ ಹೋಲಿಸುವ ಲೆಕ್ಕ, ಬಳಸಿದರೆ ಅದು ಕೆಲವೊಮ್ಮೆ ಒಂದು ಸ್ಥಾಯಿ ಕೆಳಗೆ ಜಾರುತ್ತದೆ. ಏಕೆಂದು ನೀವೇ ಕಂಡುಕೊಳ್ಳಿ.

ಅದು ಸರಿಹೋದ ಮೇಲೆ ಇನ್ನೊಂದು ತೊಡಕು ಕಾದಿರುತ್ತದೆ. ಷಡ್ಜ 200 ಹರ್ಟ್ಜ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 8,000 ಸ್ಯಾಂಪಲ್ ತೆಗೆದರೆ ಒಂದು ಸುತ್ತಿಗೆ 40 ಸ್ಯಾಂಪಲ್. ಒಂದೇ ಸ್ಯಾಂಪಲ್ ತಪ್ಪಿ 41 ಎಂದರೆ ಉತ್ತರ 195.1 ಹರ್ಟ್ಜ್ ಆಗುತ್ತದೆ, ಅಂದರೆ ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರದಲ್ಲಿ ನೂರಕ್ಕೆ ಸುಮಾರು 43 ಪಾಲು ಕೆಳಗೆ. ನಿಮ್ಮೂರಿನ ಯಾವ ಹಾಡುಗಾರರೂ ಅದನ್ನು ಶ್ರುತಿ ಎಂದು ಒಪ್ಪುವುದಿಲ್ಲ. ಶಿಖರದ ಸುತ್ತಲಿನ ಮೂರು ಬಿಂದುಗಳ ಮೂಲಕ ಒಂದು ಪ್ಯಾರಾಬೋಲಾ ಎಳೆದು ಎರಡು ಸ್ಯಾಂಪಲ್‌ಗಳ ನಡುವಿನ ನಿಜವಾದ ತುದಿಯನ್ನು ಹುಡುಕಬೇಕಾಗುತ್ತದೆ. ಅಷ್ಟನ್ನೂ ಮಾಡಿ, 16 ಬಿಟ್ಟಿನ ಲೆಕ್ಕಕ್ಕೆ ಇಳಿಸಿ, ಒಂದು ಅಗ್ಗದ ಬೋರ್ಡಿನ ಮೇಲೆ ಓಡಿಸಿ, ಶ್ರುತಿ ಬಲ್ಲವರೊಬ್ಬರ ಎದುರು ಇಟ್ಟು ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅರ್ಜಿಯ ಜೊತೆ ದಾಖಲಿಸಿದ ಧ್ವನಿ, ಕೋಡ್, ಮೊದಲ ಪ್ರಯತ್ನಗಳು ಎಲ್ಲಿ ತಪ್ಪಿದವು ಎಂಬ ಎರಡು ಪುಟದ ಟಿಪ್ಪಣಿ ಇರಲಿ. ನಾನು ಸಂದರ್ಶನ ಮಾಡುತ್ತಿದ್ದ ವರ್ಷಗಳಲ್ಲಿ ಅಂಥ ಟಿಪ್ಪಣಿ ಕೈಗೆ ಬಂದರೆ ಉಳಿದ ಕಾಗದಗಳನ್ನು ಬದಿಗಿಟ್ಟು ಅದನ್ನೇ ಮೊದಲು ಓದುತ್ತಿದ್ದೆ.